ನಮ್ಮ ವಾಷಿಂಗ್ಟನ್ ಬಾತ್ಮೀದಾರ

‘ನಮ್ಮ ವಾಷಿಂಗ್ಟನ್ ಬಾತ್ಮೀದಾರರಿಂದ’ ಅಂದರೆ ಯಾರಿಂದ? 1969ರಿಂದ 1978ರವರೆಗೆ, ‘ಟೈಮ್ಸ್ ಆಫ್ ಇಂಡಿಯಾ’ ಓದುವವರ ಮಟ್ಟಿಗೆ, ಉಡುಪಿಯ ಮಾಧವ ವಿಠಲ ಕಾಮತರಿಂದ.

1921ರಲ್ಲಿ ಹುಟ್ಟಿದ ಕಾಮತರು ಓದಿದ್ದು ವಿಜ್ಞಾನ, ಮೊದಲು ಹಿಡಿದದ್ದು ಕೆಮಿಸ್ಟ್ ಕೆಲಸ. 1946ರಲ್ಲಿ ಅದನ್ನು ಬಿಟ್ಟು ಎಸ್. ಸದಾನಂದರ ‘ಫ್ರೀ ಪ್ರೆಸ್ ಜರ್ನಲ್’ ಸೇರಿದರು. (ಮೈಸೂರಿನ ಆರ್. ಕೆ. ಲಕ್ಷ್ಮಣ್, ಬಾಳ ಠಾಕರೆ ವ್ಯಂಗ್ಯಚಿತ್ರ ಬರೆದದ್ದೂ ಅದೇ ಪತ್ರಿಕೆಯಲ್ಲಿ. ಎಂಥ ಕಚೇರಿಯಪ್ಪಾ ಅದು!) ಮುಂದೆ ಪಿ.ಟಿ.ಐ. ಪರವಾಗಿ ನ್ಯೂಯಾರ್ಕಿನ ವಿಶ್ವಸಂಸ್ಥೆ, ‘ಟೈಮ್ಸ್’ ಪರವಾಗಿ ಬಾನ್, ಪ್ಯಾರಿಸ್, ಆಮೇಲೆ ವಾಷಿಂಗ್ಟನ್.

ಪಿ.ಟಿ.ಐ.ನಂಥ ಸುದ್ದಿಸಂಸ್ಥೆಯ ಕೆಲಸ ಬೇರೆ, ಪತ್ರಿಕೆಯ ಬಾತ್ಮೀದಾರನ ಕೆಲಸ ಬೇರೆ. ಕಾಮತರು ಎರಡನ್ನೂ ಮಾಡಿದವರು. ಏನಾಯ್ತು ಅನ್ನೋದನ್ನು ಸುದ್ದಿಸಂಸ್ಥೆ ನಿಮಿಷದಲ್ಲಿ ಮುಟ್ಟಿಸುತ್ತದೆ. ಬಾತ್ಮೀದಾರ ಅದರ ಜೊತೆ ಓಡಲಾರ. ಲೆಕ್ಕ ಹಾಕಿ ನೋಡಿ: ಡಿಸೆಂಬರಿನಲ್ಲಿ ಅಮೆರಿಕದ ಅಧ್ಯಕ್ಷರು ರಾತ್ರಿ ಎಂಟಕ್ಕೆ ಮಾತಾಡಿದರೆ ಮುಂಬಯಿಯಲ್ಲಿ ಬೆಳಗಿನ ಆರೂವರೆ. ಪೇಪರು ಆಗಲೇ ವಿರಾರ್ ಲೋಕಲ್ಲಿನಲ್ಲಿ ಓದುವವರ ಕೈಯಲ್ಲಿ! ಹಾಗಾಗಿ ಅವನು ಮರುದಿನಕ್ಕೆ ಬರೆಯಬೇಕಾದ್ದು ‘ಯಾಕೆ’ ಮತ್ತು ‘ನಮಗೇನು’ ಎಂಬುದನ್ನು.

1971ನ್ನೇ ತೆಗೆದುಕೊಳ್ಳಿ. ಪೂರ್ವ ಬಂಗಾಳದಿಂದ ಸುಮಾರು ಒಂದು ಕೋಟಿ ನಿರಾಶ್ರಿತರು ಭಾರತಕ್ಕೆ ಬಂದಿದ್ದರು. ನಿಕ್ಸನ್ ಮಾತ್ರ ಪಾಕಿಸ್ತಾನದ ಕಡೆ. ಯಾಕೆಂದರೆ ಚೀನಾದ ಬಾಗಿಲು ತಟ್ಟಲು ಅವರಿಗೆ ಪಾಕಿಸ್ತಾನ ಬೇಕಿತ್ತು. ಆ ಜುಲೈಯಲ್ಲಿ ಕಿಸಿಂಜರ್ ಗುಟ್ಟಾಗಿ ಬೀಜಿಂಗಿಗೆ ಹೋದದ್ದು ಪಾಕಿಸ್ತಾನದ ಮೂಲಕವೇ. ಡಿಸೆಂಬರಿನಲ್ಲಿ ‘ಎಂಟರ್‌ಪ್ರೈಸ್’ ಯುದ್ಧನೌಕೆ ಬಂಗಾಳ ಕೊಲ್ಲಿಯತ್ತ ಬಂತು. ಆದರೆ ಎಡ್ವರ್ಡ್ ಕೆನಡಿಯಂಥ ಸೆನೆಟರು ಅದೇ ವಾಷಿಂಗ್ಟನ್ನಿನಲ್ಲಿ ನಿರಾಶ್ರಿತರ ಪರ ದನಿಯೆತ್ತಿದ್ದರು. ಅಂದರೆ ‘ಅಮೆರಿಕ ಹೀಗೆ ಹೇಳಿತು’ ಅಂತ ಬರೆದರೆ ಅರ್ಧ ಸುಳ್ಳೇ. ಯಾವ ಅಮೆರಿಕ ಅಂತ ಬಿಡಿಸಿ ಹೇಳಲು ನಮ್ಮವನೊಬ್ಬ ಅಲ್ಲಿ ಇರಬೇಕಾಗುತ್ತದೆ.

ಇದ್ದರು, ಆದರೆ ಬರೆದದ್ದು ಇಂಗ್ಲಿಷಿನಲ್ಲಿ. ಕನ್ನಡ ದಿನಪತ್ರಿಕೆಗಳ ವಿದೇಶ ಸುದ್ದಿ ಇವತ್ತೂ ಬಹುಪಾಲು ಸುದ್ದಿಸಂಸ್ಥೆಗಳ ಅನುವಾದವೇ. ಗಾಜಾದ ಯುದ್ಧವನ್ನೂ ನಾವು ಓದಿದ್ದು ಹಾಗೆಯೇ. ಈ ಕೊರತೆ ಕಾಮತರದಲ್ಲ, ನಮ್ಮದು.

1978ರಲ್ಲಿ ಖುಷ್ವಂತ್ ಸಿಂಗರ ನಂತರ ‘ಇಲ್ಲಸ್ಟ್ರೇಟೆಡ್ ವೀಕ್ಲಿ’ಯ ಸಂಪಾದಕರಾದರು. ಆಮೇಲೆ ದಶಕಗಟ್ಟಲೆ ಅಂಕಣ ಬರೆದರು. ಕೊನೆಗಾಲದ ಅವರ ರಾಜಕೀಯ ಒಲವನ್ನು ಒಪ್ಪದವರು ಬಹಳ ಮಂದಿ. ಅದಕ್ಕಾಗಿ ವಾಷಿಂಗ್ಟನ್ನಿನ ವರ್ಷಗಳನ್ನು ಮರೆಯಬೇಕಿಲ್ಲ. ಮಣಿಪಾಲದಲ್ಲಿ ಹುಡುಗರಿಗೆ ಪತ್ರಿಕೋದ್ಯಮ ಕಲಿಸುವ ಸಂಸ್ಥೆಯ ಹೊಣೆ ಹೊತ್ತಿದ್ದ ಅವರು 2014ರ ಅಕ್ಟೋಬರಿನಲ್ಲಿ ಅಲ್ಲಿಯೇ ತೀರಿಕೊಂಡರು.