ಅಳಿಯ ಕೇಳಿಸಿದ ಹುಲಿಹಾಲು

ಕಳೆದ ಏಪ್ರಿಲ್‌ನಲ್ಲಿ ನಾನು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಮಗಳ ಮನೆಯಲ್ಲಿದ್ದೆ. ಕಿಟಕಿಯಾಚೆ ಹಳದಿ ಡ್ಯಾಫೊಡಿಲ್ ಹೂಗಳು, ಗಳಿಗೆಗೊಮ್ಮೆ ಮಳೆ. ಹನ್ನೊಂದು ವರ್ಷದ ಮೊಮ್ಮಗಳು ಮಾತ್ರ ಸೋಫಾದ ಮೇಲೆ. ಜ್ವರ ಬಿಟ್ಟು ಆರು ವಾರವಾದರೂ ಸುಸ್ತು ಬಿಟ್ಟಿರಲಿಲ್ಲ. ನಾಲ್ಕು ಮೆಟ್ಟಿಲು ಹತ್ತಿದರೆ ಮತ್ತೆ ಮಲಗಬೇಕು. ಸ್ಕೂಲಿಲ್ಲ. ಗೆಳತಿಯರು ಬರುವುದೂ ಕಡಿಮೆಯಾಗಿತ್ತು. "ಅಜ್ಜಿ, ಎಲ್ಲರೂ ನನ್ನ ಮರೆತುಬಿಡ್ತಾರಾ?" ಎಂದು ಒಂದು ದಿನ ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ.

ಅಂದು ಸಂಜೆ ಅಳಿಯ ಒಂದು ಆಲ್ಬಂ ಹಾಕಿದ. ಹೆಸರು 'ಟೈಗರ್‌ಮಿಲ್ಕ್'. ಅಂದರೆ ಹುಲಿಹಾಲು! ರಾಣಿಯ ತಲೆನೋವಿಗೆಂದು ಮಣಿಕಂಠ ಕಾಡಿಗೆ ಹುಡುಕಿಕೊಂಡು ಹೋದ ಮದ್ದು ಅದೇ ಅಲ್ಲವೇ? ನಾನು ಕಿವಿ ನಿಮಿರಿಸಿದೆ.

'ಬೆಲ್ ಆ್ಯಂಡ್ ಸೆಬಾಸ್ಟಿಯನ್' ತಂಡದ ಮೊದಲ ಆಲ್ಬಂ ಅದು. ಮಕ್ಕಳೇ, ಸೆಬಾಸ್ಟಿಯನ್ ಒಬ್ಬ ಹುಡುಗ, ಬೆಲ್ ಅವನ ದೊಡ್ಡ ಬಿಳಿ ನಾಯಿ. ಫ್ರೆಂಚ್ ಲೇಖಕಿ ಸೆಸಿಲ್ ಒಬ್ರಿ ಬರೆದ ಮಕ್ಕಳ ಕಥೆಯ ಜೋಡಿ ಅವರು. ತಂಡ ಹುಟ್ಟಿದ್ದು ಮಾತ್ರ ಇದೇ ಗ್ಲಾಸ್ಗೋದಲ್ಲಿ.

ಹಾಡುಗಳನ್ನು ಬರೆದ ಸ್ಟುವರ್ಟ್ ಮರ್ಡಾಕ್ ಓದುವ ವಯಸ್ಸಿನಲ್ಲೇ ಕಾಯಿಲೆ ಬಿದ್ದರು. ಎಷ್ಟು ವಿಶ್ರಾಂತಿ ಪಡೆದರೂ ಹೋಗದ ದಣಿವು. ಸುಮಾರು ಏಳು ವರ್ಷ ಕೆಲಸ ಮಾಡಲಾಗಲಿಲ್ಲ. ಆ ಒಂಟಿತನದಲ್ಲೇ ಅವರು ಹಾಡು ಕಟ್ಟುವುದನ್ನು ಕಲಿತರು. ಇದನ್ನು ಅಳಿಯ ಹೇಳಿದಾಗ ಮೊಮ್ಮಗಳು ದಿಂಬಿನಿಂದ ತಲೆ ಎತ್ತಿದಳು. "ಏಳು ವರ್ಷಾನಾ?"

ಮುಂದಿನದು ಸ್ವಾರಸ್ಯದ ಕಥೆ. ಸ್ಟೋ ಕಾಲೇಜಿನಲ್ಲಿ ಸಂಗೀತ ವ್ಯವಹಾರ ಕಲಿಯುವ ವಿದ್ಯಾರ್ಥಿಗಳು ಪಾಠದ ಭಾಗವಾಗಿ ವರ್ಷಕ್ಕೊಂದು ಸಿಂಗಲ್ ಹೊರತರುತ್ತಿದ್ದರು. ಮರ್ಡಾಕ್ ಬಳಿ ರಾಶಿ ಹಾಡುಗಳಿದ್ದುದರಿಂದ ಈ ಬಾರಿ ಪೂರ್ತಿ ಆಲ್ಬಮ್ಮೇ ಆಯಿತು! ಕೆಲವೇ ದಿನಗಳಲ್ಲಿ ಧ್ವನಿಮುದ್ರಣ, 1996ರ ಜೂನ್‌ನಲ್ಲಿ ಬಿಡುಗಡೆ. ಅಚ್ಚಾದದ್ದು ಬರೀ 1000 ಗ್ರಾಮಫೋನ್ ತಟ್ಟೆ. ಅದು ಎಲ್ಲರಿಗೂ ಸುಲಭವಾಗಿ ಸಿಕ್ಕಿದ್ದು 1999ರಲ್ಲಿ ಮರುಬಿಡುಗಡೆಯಾದ ಮೇಲೆ.

ಇಂಥ ಸಂಗೀತಕ್ಕೆ ಚೇಂಬರ್ ಪಾಪ್ ಎನ್ನುತ್ತಾರೆ. ಗಿಟಾರ್, ಡ್ರಮ್ ಜೊತೆಗೆ ಚೆಲ್ಲೊ, ಟ್ರಂಪೆಟ್‌ನಂಥ ವಾದ್ಯಗಳು. ಪಕ್ಕದ ಕೋಣೆಯಲ್ಲೇ ನುಡಿಸುತ್ತಿದ್ದಾರೇನೋ ಎನ್ನುವಷ್ಟು ಆಪ್ತ. ಮೊದಲ ಹಾಡು ಶುರುವಾಗುವುದು ಒಂದು ಮೆಲುದನಿಯಿಂದ. ಉಳಿದ ವಾದ್ಯಗಳು ಒಂದೊಂದಾಗಿ ಬಂದು ಸೇರಿಕೊಳ್ಳುತ್ತವೆ. ಮಳೆ ನಿಂತು ಮಕ್ಕಳು ಒಬ್ಬೊಬ್ಬರಾಗಿ ಅಂಗಳಕ್ಕೆ ಇಳಿಯುವ ಹಾಗೆ. ಬಿಡುಗಡೆ ಜೂನ್‌ನಲ್ಲೇ ಆಗಿರಲಿ, ನನ್ನ ಪಾಲಿಗೆ ಅದು ವಸಂತದ ಆಲ್ಬಂ. ಹತ್ತರಲ್ಲಿ ಒಂದು ಹಾಡು ಪೂರ್ತಿ ಎಲೆಕ್ಟ್ರಾನಿಕ್ ಸದ್ದಿನದು. ಅದು ನನಗೆ ಹಿಡಿಸಲಿಲ್ಲ, ಮೊಮ್ಮಗಳಿಗೆ ಅದೇ ಇಷ್ಟ. ಅಂದಹಾಗೆ, ಅಜ್ಜ-ಅಜ್ಜಿಯರೇ, ಕೆಲವು ಸಾಲುಗಳು ದೊಡ್ಡವರಿಗೆ ಮಾತ್ರ. ಮೊದಲು ನೀವು ಕೇಳಿ.

ಮದ್ದು ಗಿದ್ದು ಏನಲ್ಲ. ಅವಳ ಸುಸ್ತು ಮರುದಿನವೂ ಇತ್ತು. ಆದರೆ ಅವಳು ನೋಟ್‌ಬುಕ್ ಕೇಳಿ ಪಡೆದಳು. ಮೇ ಕೊನೆಯಲ್ಲಿ ನಾನು ಹೊರಡುವಾಗ ದಿನಕ್ಕೆರಡು ಗಂಟೆ ಸ್ಕೂಲಿಗೆ ಹೋಗುತ್ತಿದ್ದಳು. ನೋಟ್‌ಬುಕ್ಕಿನಲ್ಲಿ ಮೂರು ಹಾಡುಗಳಿದ್ದವು. ಒಂದು ನನ್ನ ಮಂಡಿನೋವಿನ ಮೇಲೆ.