ಮನೆಯ ಮಿಕ್ಸಿ, ಊರಿನ ಗಿರಣಿ: ಗೂಢಲಿಪಿ ವೇಗವರ್ಧಕಕ್ಕೆ ಡ್ರೈವರ್ ಕೂರಿಸುವುದು

ಡ್ರೈವರ್ ಕೂತಿದೆ, ಚಿಪ್ ಪಟ್ಟಿಯಲ್ಲಿ ಕಾಣಿಸುತ್ತಿದೆ, ದೋಷದ ಸಂದೇಶ ಒಂದೂ ಇಲ್ಲ. ಆದರೂ ಡಿಸ್ಕಿನ ವೇಗ ನಿನ್ನೆಯಷ್ಟೇ ಇದೆ. ಗೂಢಲಿಪಿ ವೇಗವರ್ಧಕಗಳ ಪಾಠ ಮಾಡುವಾಗಲೆಲ್ಲ ಯಾರಾದರೊಬ್ಬರು ಈ ಪ್ರಶ್ನೆ ಹೊತ್ತು ಬಂದೇ ಬರುತ್ತಾರೆ. ಅವರು ತಪ್ಪೇನೂ ಮಾಡಿರುವುದಿಲ್ಲ. ಡ್ರೈವರನ್ನು ಕೂರಿಸುವುದು ಒಂದು ಕೆಲಸ, ಕೂತ ಡ್ರೈವರಿನ ಕೈಗೆ ಕೆಲಸ ತಲುಪಿಸುವುದು ಇನ್ನೊಂದು ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ, ಅಷ್ಟೆ. ಈ ಅಧ್ಯಾಯದ ಹೆಚ್ಚಿನ ಪಾಲು ಆ ಎರಡನೆಯ ಕೆಲಸಕ್ಕೆ ಮೀಸಲು.

ಮೊದಲು ಪರಿಭಾಷೆಯನ್ನು ಮುಗಿಸಿಬಿಡೋಣ. ಕೀಲಿ ಇದ್ದವರು ಮಾತ್ರ ಓದಬಲ್ಲಂತೆ ಮಾಹಿತಿಯನ್ನು ಕದಡಿಡುವುದು ಎನ್‌ಕ್ರಿಪ್ಶನ್. ಇಂದು ಅದಕ್ಕೆ ಅತಿ ಹೆಚ್ಚು ಬಳಕೆಯಲ್ಲಿರುವ ವಿಧಾನ ಎಇಎಸ್. ಬೆಲ್ಜಿಯಂನ ಯೋನ್ ದಾಮೆನ್ ಮತ್ತು ವಿನ್ಸೆಂಟ್ ರೈಮೆನ್ ರೂಪಿಸಿದ ಇದನ್ನು ಅಮೆರಿಕ 2001ರ ನವೆಂಬರಿನಲ್ಲಿ ಮಾನಕವಾಗಿ ಪ್ರಕಟಿಸಿತು. ಅದು ಮಾಹಿತಿಯನ್ನು 16 ಬೈಟುಗಳ ತುಣುಕುಗಳಾಗಿ ಕತ್ತರಿಸಿಕೊಂಡು, ಕೀಲಿಯ ಉದ್ದಕ್ಕೆ ತಕ್ಕಂತೆ 10, 12 ಅಥವಾ 14 ಸುತ್ತು ಕದಡುತ್ತದೆ. ಈ ಕದಡುವಿಕೆಗೆಂದೇ ಸಿಲಿಕಾನಿನಲ್ಲಿ ಕೆತ್ತಿದ ಸರ್ಕ್ಯೂಟು ವೇಗವರ್ಧಕ. ಅದನ್ನು ಮಾತನಾಡಿಸಲು ಬಲ್ಲ ತಂತ್ರಾಂಶ ಡ್ರೈವರ್.

ಇಲ್ಲೊಂದು ಗೊಂದಲವನ್ನು ಬಿಡಿಸಬೇಕು. ಇ-ಟೆಂಡರ್ ಹಾಕುವ ಗುತ್ತಿಗೆದಾರರೂ ತೆರಿಗೆ ಸಲಹೆಗಾರರೂ ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಬಳಸುತ್ತಾರೆ, ಅದಕ್ಕೂ ಡ್ರೈವರ್ ಹಾಕುತ್ತಾರೆ. ಅದು ವೇಗವರ್ಧಕವಲ್ಲ. ಆ ಟೋಕನ್ನಿನ ಕೆಲಸ ಖಾಸಗಿ ಕೀಲಿ ಹೊರಗೆ ಬಾರದಂತೆ ಕಾಯುವುದು. ವೇಗದಲ್ಲಿ ಅದು ನಿಮ್ಮ ಲ್ಯಾಪ್‌ಟಾಪಿಗಿಂತ ಬಹಳ ಹಿಂದೆ. ಒಂದು ತಿಜೋರಿ, ಇನ್ನೊಂದು ಗಿರಣಿ. ನಮ್ಮ ಮಾತು ಗಿರಣಿಯದ್ದು.

ಗಿರಣಿ ಎಂದದ್ದು ಬರಿಯ ಹೋಲಿಕೆಗಲ್ಲ. ಈ ವಿಷಯದ ಅಷ್ಟೂ ಲೆಕ್ಕ ಅದರಲ್ಲಿದೆ. ಮನೆಯಲ್ಲಿ ಬೀಸುಕಲ್ಲು ಇದೆ ಎಂದುಕೊಳ್ಳಿ. ಅದು ಸಾಮಾನ್ಯ ತಂತ್ರಾಂಶ: ನಿಧಾನ, ಆದರೆ ಎಲ್ಲ ಮನೆಯಲ್ಲೂ ಉಂಟು. ಅಡುಗೆಮನೆಯ ಕಟ್ಟೆಯ ಮೇಲೊಂದು ಮಿಕ್ಸಿ ಇದೆ. ಅದು ಪ್ರೊಸೆಸರಿನ ಒಳಗೇ ಇರುವ ಎಇಎಸ್ ಆದೇಶಗಳು. ಊರ ನಡುವೆ ದೊಡ್ಡ ಗಿರಣಿ ಇದೆ. ಅದು ಪ್ರತ್ಯೇಕ ಕಾರ್ಡು, ಇಲ್ಲವೇ ಚಿಪ್ಪಿನ ಇನ್ನೊಂದು ಮೂಲೆಯಲ್ಲಿರುವ ಎಂಜಿನ್. ಒಂದು ಮೂಟೆ ರಾಗಿ ಇದ್ದರೆ ಗಿರಣಿಯೇ ಸರಿ. ಒಂದು ಪಾವಿಗೆ? ಚೀಲ ಹೊತ್ತು ಹೋಗಬೇಕು, ಸರದಿಯಲ್ಲಿ ನಿಲ್ಲಬೇಕು, ಹಿಟ್ಟು ಹೊತ್ತು ಮರಳಬೇಕು. ಅಷ್ಟರಲ್ಲಿ ಮಿಕ್ಸಿಯ ಹಿಟ್ಟು ಮುದ್ದೆಯಾಗಿ ತಟ್ಟೆಗೆ ಬಂದಿರುತ್ತದೆ.

2000ದ ಆಸುಪಾಸಿನಲ್ಲಿ ಮಿಕ್ಸಿ ಇರಲಿಲ್ಲ. ಆಗಿನ ತ್ರಿವಳಿ ಡಿಇಎಸ್ ವಿಧಾನ ತಂತ್ರಾಂಶದಲ್ಲಿ ತೀರಾ ನಿಧಾನ, ಹಾಗಾಗಿ ಹೈಫ್ನ್ ಕಂಪನಿಯ ಚಿಪ್ಪುಳ್ಳ ಕಾರ್ಡುಗಳನ್ನು ವಿಪಿಎನ್ ಯಂತ್ರಗಳಿಗೆ ಹಾಕುತ್ತಿದ್ದರು. ಅಂಥ ನಾನಾ ಕಾರ್ಡುಗಳನ್ನು ಒಂದೇ ಚೌಕಟ್ಟಿನಡಿ ತಂದ ಮೊದಲಿಗರಲ್ಲಿ ಓಪನ್‌ಬಿಎಸ್‌ಡಿ ತಂಡ ಮುಖ್ಯವಾದುದು. ಏಂಜೆಲೋಸ್ ಕೆರೊಮಿಟಿಸ್, ಜೇಸನ್ ರೈಟ್, ಥಿಯೋ ಡಿ ರಾಟ್ 2003ರಲ್ಲಿ ಅದರ ವಿನ್ಯಾಸವನ್ನು ಪ್ರಬಂಧವಾಗಿ ಪ್ರಕಟಿಸಿದರು. ಇಂಟೆಲ್ 2008ರಲ್ಲಿ ಎಇಎಸ್ ಆದೇಶಗಳನ್ನು ಪ್ರಸ್ತಾಪಿಸಿ 2010ರ ವೆಸ್ಟ್‌ಮಿಯರ್ ಪ್ರೊಸೆಸರುಗಳಲ್ಲಿ ತಂದಾಗ ಚಿತ್ರವೇ ಬದಲಾಯಿತು. ಒಂದು ಸುತ್ತಿನ ಕದಡುವಿಕೆಗೆ ಒಂದೇ ಆದೇಶ! ಹಳೆಯ ತಂತ್ರಾಂಶಗಳು ಕೋಷ್ಟಕ ನೋಡಿ ಲೆಕ್ಕ ಹಾಕುತ್ತಿದ್ದುದರಿಂದ, ಆ ನೋಡುವಿಕೆಯ ಕಾಲವನ್ನು ಅಳೆದು ಕೀಲಿಯನ್ನೇ ಊಹಿಸಬಹುದೆಂದು 2005ರಲ್ಲಿ ಡೇನಿಯಲ್ ಬರ್ನ್‌ಸ್ಟೈನ್ ತೋರಿಸಿದ್ದರು. ಹೊಸ ಆದೇಶಗಳಿಗೆ ಕೋಷ್ಟಕವೇ ಬೇಡ, ಹಾಗಾಗಿ ಆ ಸೋರಿಕೆಯೂ ನಿಂತಿತು. ವೇಗದ ಜೊತೆ ಭದ್ರತೆಯೂ ಬಂದ ಇಂಥ ಉದಾಹರಣೆ ಕಂಡಾಗ ನನಗೆ ಈಗಲೂ ಖುಷಿಯಾಗುತ್ತದೆ.

ಈಗ ಕೂರಿಸುವ ಕೆಲಸ. ಲಿನಕ್ಸನ್ನೇ ಉದಾಹರಣೆಗೆ ತೆಗೆದುಕೊಳ್ಳುತ್ತೇನೆ, ಏಕೆಂದರೆ ಅಲ್ಲಿ ಎಲ್ಲವೂ ಕಣ್ಣಿಗೆ ಕಾಣುತ್ತದೆ. ಮೊದಲ ಹೆಜ್ಜೆ, ಯಂತ್ರದಲ್ಲಿ ನಿಜಕ್ಕೂ ಏನಿದೆ ಎಂದು ನೋಡುವುದು. ಸಿಪಿಯುಇನ್ಫೋ ಕಡತದಲ್ಲಿ ‘ಎಇಎಸ್’ ಎಂಬ ಪದವಿದ್ದರೆ ಮಿಕ್ಸಿ ಇದೆ. 2019ರ ರಾಸ್ಪ್‌ಬೆರಿ ಪೈ 4ರಲ್ಲಿ ಆ ಪದ ಸಿಗುವುದಿಲ್ಲ, 2023ರ ಪೈ 5ರಲ್ಲಿ ಸಿಗುತ್ತದೆ. ಪೈ 4ಕ್ಕೆ ‘ಎಇಎಸ್ ಡ್ರೈವರ್’ ಹುಡುಕುತ್ತ ವಾರಗಳನ್ನು ಕಳೆದವರನ್ನು ನಾನು ಕಂಡಿದ್ದೇನೆ. ಇಲ್ಲದ ಸರ್ಕ್ಯೂಟನ್ನು ಯಾವ ಡ್ರೈವರೂ ತಂದುಕೊಡಲಾರದು. ಪ್ರತ್ಯೇಕ ಕಾರ್ಡಾದರೆ ಎಲ್‌ಎಸ್‌ಪಿಸಿಐ ಆದೇಶ ಅದನ್ನು ಪಟ್ಟಿಮಾಡುತ್ತದೆ.

ಮುಂದಿನದು ಡ್ರೈವರಿನ ಕಡತವಾದ ಮಾಡ್ಯೂಲನ್ನು ಲಿನಕ್ಸಿನ ತಿರುಳಾದ ಕರ್ನಲ್‌ಗೆ ಸೇರಿಸುವುದು. ಮಾಡ್‌ಪ್ರೋಬ್ ಎಂಬ ಒಂದು ಆದೇಶ ಸಾಕು. ಎಡವುವುದು ಅದರ ಅಕ್ಕಪಕ್ಕದಲ್ಲಿ. ಇಂಟೆಲ್‌ನ ಕ್ವಿಕ್‌ಅಸಿಸ್ಟ್‌ನಂಥ ಎಂಜಿನ್‌ಗಳಿಗೆ ತಮ್ಮದೇ ಫರ್ಮ್‌ವೇರ್ ಕಡತ ಬೇಕು. ಅದು ಸಿಗದಿದ್ದರೆ ಕರ್ನಲ್ ದಾಖಲೆಯಲ್ಲಿ ‘ದೋಷ -2’ ಎಂದು ಬರುತ್ತದೆ. ಕಾರ್ಡೇ ಕೆಟ್ಟಿದೆಯೆಂದು ಜನ ಗಾಬರಿಯಾಗುತ್ತಾರೆ. -2 ಎಂದರೆ ಕೇಳಿದ ಕಡತ ಅಲ್ಲಿಲ್ಲ ಎಂದಷ್ಟೇ ಅರ್ಥ. ಇಡೀ ಡಿಸ್ಕಿಗೇ ಬೀಗ ಹಾಕಿದವರು ಇನ್ನೂ ಒಂದನ್ನು ನೆನಪಿಡಬೇಕು. ಡಿಸ್ಕು ತೆರೆಯುವ ಮೊದಲೇ ಡ್ರೈವರ್ ಬೇಕು, ಆದರೆ ಡ್ರೈವರ್ ಇರುವುದು ಆ ಡಿಸ್ಕಿನಲ್ಲೇ. ಹಾಗಾಗಿ ಮಾಡ್ಯೂಲನ್ನೂ ಫರ್ಮ್‌ವೇರನ್ನೂ ಬೂಟಿಗೆ ಬಳಕೆಯಾಗುವ ಇನಿಟ್‌ರಾಮ್‌ಎಫ್‌ಎಸ್ ಎಂಬ ಪುಟ್ಟ ಬುತ್ತಿಯೊಳಗೆ ಕಟ್ಟಿಡಬೇಕು.

ಇನ್ನು ನನಗೆ ಅತ್ಯಂತ ಪ್ರಿಯವಾದ ಭಾಗ. ಮಾಡ್ಯೂಲ್ ಒಳಬಂದೊಡನೆ ಕರ್ನಲ್ ಅದನ್ನು ನಂಬಿಬಿಡುವುದಿಲ್ಲ, ಮೊದಲು ಪರೀಕ್ಷೆಗೆ ಕೂರಿಸುತ್ತದೆ. ಉತ್ತರ ಗೊತ್ತಿರುವ ಲೆಕ್ಕಗಳನ್ನು ಕೊಟ್ಟು ಬಿಡಿಸು ಎನ್ನುತ್ತದೆ. ಪ್ರಶ್ನೆಪತ್ರಿಕೆಯ ಮೊದಲ ಎಇಎಸ್ ಲೆಕ್ಕ 2001ರ ಮಾನಕದ ಅನುಬಂಧದಿಂದಲೇ ಬಂದದ್ದು. ಪರೀಕ್ಷೆಯನ್ನು ಕೈಬಿಟ್ಟು ಕಟ್ಟಿದ ಕರ್ನಲ್‌ಗಳೂ ಉಂಟು. ಪರೀಕ್ಷೆ ಇರುವಲ್ಲಿ ಒಂದು ಬೈಟ್ ತಪ್ಪಿದರೂ ಆ ಡ್ರೈವರನ್ನು ಪಂಕ್ತಿಗೆ ಸೇರಿಸುವುದಿಲ್ಲ. ಪ್ರಾಕ್ ಕೋಶದಲ್ಲಿರುವ ‘ಕ್ರಿಪ್ಟೋ’ ಕಡತವನ್ನು ತೆರೆದರೆ ಪ್ರತಿ ಡ್ರೈವರಿನ ಹೆಸರಿನ ಕೆಳಗೆ ಫಲಿತಾಂಶ ಕಾಣುತ್ತದೆ.

ಅದೇ ಕಡತದಲ್ಲಿ ‘ಪ್ರಯಾರಿಟಿ’ ಎಂಬ ಸಾಲಿದೆ. ನಮ್ಮ ಮೊದಲ ಪ್ರಶ್ನೆಯ ಉತ್ತರ ಇರುವುದು ಅಲ್ಲಿ. ಒಂದೇ ವಿಧಾನಕ್ಕೆ ಹಲವು ಡ್ರೈವರುಗಳು ಹೆಸರು ನೋಂದಾಯಿಸಿರಬಹುದು. ಡಿಸ್ಕಿನ ತಂತ್ರಾಂಶ ‘ಎಇಎಸ್ ಬೇಕು’ ಎಂದು ಕೇಳಿದಾಗ ಕರ್ನಲ್ ಯಾರ ವೇಗವನ್ನೂ ಅಳೆಯುವುದಿಲ್ಲ. ಈ ಆದ್ಯತೆಯ ಸಂಖ್ಯೆ ಯಾರದ್ದು ಹೆಚ್ಚೋ ಅವರನ್ನು ಕರೆಯುತ್ತದೆ. ಸಾಮಾನ್ಯ ತಂತ್ರಾಂಶದ ಎಇಎಸ್‌ಗೆ 100, ಇಂಟೆಲ್ ಆದೇಶಗಳಿಂದ ನಡೆಯುವ ಸಿಬಿಸಿಗೆ (ತುಣುಕುಗಳನ್ನು ಒಂದಕ್ಕೊಂದು ಕೊಂಡಿ ಹಾಕುವ ಬಗೆಗೆ) 400. ಈ ಸಂಖ್ಯೆಯನ್ನು ಬರೆಯುವವರು ಡ್ರೈವರಿನ ಕರ್ತೃಗಳೇ. ಅದು ಅಳತೆಯಲ್ಲ, ಅಭಿಪ್ರಾಯ.

ಅಭಿಪ್ರಾಯ ಬದಲಾಗಬಹುದೆಂಬುದಕ್ಕೆ ಕ್ವಿಕ್‌ಅಸಿಸ್ಟ್ ಡ್ರೈವರಿನ ಕಥೆ ಸಾಕ್ಷಿ. ಅದು ಬಹುಕಾಲ 4001 ಎಂಬ ಸಂಖ್ಯೆ ಹೊತ್ತು ಎಲ್ಲರ ಮುಂದೆ ನಿಂತಿತ್ತು. ಸರದಿ ತುಂಬಿದಾಗ ಬರುವ ಕೋರಿಕೆಗಳನ್ನು ಅದು ಸರಿಯಾಗಿ ಕಾಯ್ದಿರಿಸಿಕೊಳ್ಳುತ್ತಿಲ್ಲವೆಂದು ತಿಳಿದಾಗ, 2022ರಲ್ಲಿ ಅದರ ನೋಂದಣಿಯನ್ನೇ ನಿಲ್ಲಿಸಿದರು, ಸರಿಪಡಿಸಿದ ಬಳಿಕ ಮತ್ತೆ ತಂದರು. 2025ರಲ್ಲಿ ಡ್ರೈವರಿನ ಕರ್ತೃಗಳೇ ಎನ್‌ಕ್ರಿಪ್ಶನ್ ವಿಧಾನಗಳ ಆ ಸಂಖ್ಯೆಯನ್ನು 100ಕ್ಕೆ ಇಳಿಸಿದರು. ಕಾರಣ ನಮ್ಮ ಗಿರಣಿಯದ್ದೇ: ಕರ್ನಲ್ ಒಳಗಿನ ಹೆಚ್ಚಿನ ಕೆಲಸಗಳು ಸಣ್ಣ ಸಣ್ಣ ತುಣುಕುಗಳು, ಒಂದು ಮುಗಿಯುವ ತನಕ ಕಾದು ಇನ್ನೊಂದನ್ನು ಕೊಡುವಂಥವು. ಪಾವು ರಾಗಿಗೆ ಗಿರಣಿ ಲಾಭವಿಲ್ಲ. ಬೀಗಲ್‌ಬೋನ್ ಬ್ಲ್ಯಾಕ್ ಹಲಗೆಯ ಒಮ್ಯಾಪ್ ಎಇಎಸ್ ಡ್ರೈವರ್ ಇದನ್ನು ಮೊದಲೇ ಒಪ್ಪಿಕೊಂಡಿತ್ತು. 200 ಬೈಟಿಗಿಂತ ಚಿಕ್ಕ ಕೋರಿಕೆ ಬಂದರೆ ಅದು ತನ್ನ ಎಂಜಿನ್ನಿಗೆ ಕಳಿಸದೆ ತಂತ್ರಾಂಶಕ್ಕೇ ಒಪ್ಪಿಸುತ್ತದೆ.

ಆಯ್ಕೆ ಯಾವಾಗ ನಡೆಯುತ್ತದೆ ಎಂಬುದೂ ಮುಖ್ಯ. ಬೀಗ ಹಾಕಿದ ಡಿಸ್ಕನ್ನು ತೆರೆದ ಗಳಿಗೆಯಲ್ಲೇ ಡ್ರೈವರಿನ ನೇಮಕ ಆಗಿಬಿಡುತ್ತದೆ. ಆಮೇಲೆ ಹೊಸ ಮಾಡ್ಯೂಲ್ ಬಂದರೂ ತೆರೆದ ಡಿಸ್ಕು ಹಳೆಯವನನ್ನೇ ಇಟ್ಟುಕೊಳ್ಳುತ್ತದೆ. ಮುಚ್ಚಿ ಮತ್ತೆ ತೆರೆಯಬೇಕು. ಆರಂಭದಲ್ಲಿ ಹೇಳಿದ ಪ್ರಶ್ನೆ ಹೊತ್ತು ಬಂದವರಲ್ಲಿ ಹಲವರಿಗೆ ನಾನು ಹೇಳಿದ್ದು ಇಷ್ಟೇ, ಸಮಸ್ಯೆ ಅಲ್ಲಿಗೇ ಮುಗಿದದ್ದೂ ಉಂಟು.

ಇನ್ನೊಂದು ದಾರಿ ತಪ್ಪುವ ಜಾಗ: ಕರ್ನಲ್‌ನ ಡ್ರೈವರಿನಿಂದ ವೆಬ್ ಸರ್ವರ್ ತಾನಾಗಿ ಚುರುಕಾಗುವುದಿಲ್ಲ. ಸರ್ವರ್ ಸಾಮಾನ್ಯವಾಗಿ ಬಳಸುವ ಓಪನ್‌ಎಸ್‌ಎಸ್‌ಎಲ್ ಎಂಬ ಗೂಢಲಿಪಿ ತಂತ್ರಾಂಶ ಮಿಕ್ಸಿಯನ್ನು ನೇರವಾಗಿ ಚಲಾಯಿಸುತ್ತದೆ, ಡ್ರೈವರನ್ನು ಕೇಳುವುದೇ ಇಲ್ಲ. ಗಿರಣಿಗೆ ಕಳಿಸಬೇಕೆಂದರೆ ಹಾದಿಯನ್ನು ನಾವೇ ಕಡಿಯಬೇಕು. ಹಿಂದೆ ಅದಕ್ಕೆ ‘ಎಂಜಿನ್’ ಎಂಬ ಜೋಡಣೆ ಇತ್ತು, 2021ರ 3.0 ಆವೃತ್ತಿಯಿಂದ ‘ಪ್ರೊವೈಡರ್’ ಬಂದಿದೆ. ಕ್ವಿಕ್‌ಅಸಿಸ್ಟನ್ನು ಹೀಗೆ ಬಳಸಲು ಸಾಧನಗಳ ಮೆಮೊರಿ ಬಳಕೆಗೆ ಗಡಿ ಹಾಕುವ ಐಒಎಂಎಂಯು ಬೂಟಿನಲ್ಲಿ ಚಾಲೂ ಇರಬೇಕು, ಬಳಕೆದಾರರನ್ನು ಕ್ವಿಕ್‌ಅಸಿಸ್ಟ್‌ನ ಗುಂಪಿಗೆ ಸೇರಿಸಿರಬೇಕು.

ಕೊನೆಗೆ ಅಳತೆ. ಇಲ್ಲಿ ಬಹಳ ಜನ ಮೋಸಹೋಗುತ್ತಾರೆ, ಅದೂ ಸಂತೋಷದಿಂದ. ಓಪನ್‌ಎಸ್‌ಎಸ್‌ಎಲ್‌ನ ‘ಸ್ಪೀಡ್’ ಆದೇಶ 3 ಸೆಕೆಂಡು ಕೆಲಸ ಮಾಡಿಸಿ ವೇಗ ಹೇಳುತ್ತದೆ. ಆದರೆ ಅದು ಭಾಗಿಸುವುದು ಗಡಿಯಾರದ ಕಾಲದಿಂದಲ್ಲ, ಆ ಪ್ರೋಗ್ರಾಂಗಾಗಿ ಪ್ರೊಸೆಸರ್ ದುಡಿದ ಕಾಲದಿಂದ. ರಾಗಿಯನ್ನು ಗಿರಣಿಗೆ ಕೊಟ್ಟು ಕಟ್ಟೆಯ ಮೇಲೆ ಕೂತವಳ ಕೈ ಎಷ್ಟು ಹೊತ್ತು ಆಡಿತು ಎಂದು ಅಳೆದ ಹಾಗೆ! ಲೆಕ್ಕಕ್ಕೆಂದು ಒಂದು ಉದಾಹರಣೆ ನೋಡಿ. ಬೀಗಲ್‌ಬೋನ್ ಬ್ಲ್ಯಾಕಿನ ಎಂಜಿನ್ 3 ಸೆಕೆಂಡಿನಲ್ಲಿ 8192 ಬೈಟುಗಳ 30,000 ತುಣುಕು ಮುಗಿಸಿತು ಎನ್ನಿ. ಅಂದರೆ ಸೆಕೆಂಡಿಗೆ ಸುಮಾರು 8.2 ಕೋಟಿ ಬೈಟ್. ಪ್ರೊಸೆಸರ್ ದುಡಿದದ್ದು ಬರೀ 0.1 ಸೆಕೆಂಡಾದರೆ ಪರದೆಯ ಮೇಲೆ ಬರುವುದು ಸೆಕೆಂಡಿಗೆ ಸುಮಾರು 246 ಕೋಟಿ ಬೈಟ್. ಆ ಹಲಗೆಯ ಮೆಮೊರಿಯೇ ಸೆಕೆಂಡಿಗೆ 160 ಕೋಟಿ ಬೈಟಿಗಿಂತ ಹೆಚ್ಚು ಸಾಗಿಸಲಾರದು. ಮೆಮೊರಿಯಿಂದ ಹೊರಟೇ ಇಲ್ಲದ ಮಾಹಿತಿಯನ್ನು ಎಂಜಿನ್ ಕದಡಿದ್ದಾದರೂ ಹೇಗೆ? ‘ಎಲಾಪ್ಸ್ಡ್’ ಎಂಬ ಆಯ್ಕೆಯನ್ನು ಸೇರಿಸಿದರೆ ಗಡಿಯಾರದ ಕಾಲ ಲೆಕ್ಕಕ್ಕೆ ಬರುತ್ತದೆ, ನಿಜವಾದ ಅಂಕಿ ಸಿಗುತ್ತದೆ.

ಹಾಗೆಂದು ಪ್ರೊಸೆಸರಿನ ಬಿಡುವು ವ್ಯರ್ಥವಲ್ಲ. ಒಂದೇ ಕೋರ್ ಇರುವ ಪುಟ್ಟ ಹಲಗೆಯಲ್ಲಿ ಎಂಜಿನ್ ಕದಡುವಾಗ ಪ್ರೊಸೆಸರ್ ಬೇರೆ ಕೆಲಸ ನೋಡಿಕೊಂಡರೆ ಅದೂ ಲಾಭವೇ. ಆದರೆ ಅದನ್ನು ವೇಗದ ಹೆಸರಿನಲ್ಲಿ ಎಣಿಸಬಾರದು, ಬಿಡುವಿನ ಹೆಸರಿನಲ್ಲಿ ಎಣಿಸಬೇಕು. ಎಂಜಿನ್ ನಿಜಕ್ಕೂ ಓಡುತ್ತಿದೆಯೇ ಎಂದು ತಿಳಿಯಲು ನಾನು ನೋಡುವುದು ಪ್ರಾಕ್ ಕೋಶದ ‘ಇಂಟರಪ್ಟ್ಸ್’ ಕಡತವನ್ನು. ಇಂಥ ಎಂಜಿನ್ ಸಾಮಾನ್ಯವಾಗಿ ಕೆಲಸ ಮುಗಿಸಿದಾಗ ಪ್ರೊಸೆಸರಿನ ಬಾಗಿಲು ತಟ್ಟುತ್ತದೆ, ಆ ತಟ್ಟುವಿಕೆಯ ಎಣಿಕೆ ಅಲ್ಲಿರುತ್ತದೆ. ಡಿಸ್ಕಿಗೆ ದೊಡ್ಡ ಕಡತವೊಂದನ್ನು ನಕಲು ಮಾಡಿ, ಮೊದಲೂ ಆಮೇಲೂ ಆ ಸಾಲನ್ನು ನೋಡಿ. ಸಂಖ್ಯೆ ಅಲುಗದಿದ್ದರೆ ಕೆಲಸ ಬೇರೆಯವರ ಕೈಯಲ್ಲಿದೆ.

ಇಷ್ಟು ಓದಿದವರಲ್ಲಿ ಒಂದು ಬೇಡಿಕೆ ಇದೆ. ಕರ್ನಲ್‌ನ ಆಕರದಲ್ಲಿ ‘ಟೆಸ್ಟ್‌ಮೇನೇಜರ್’ ಎಂಬ ಭಾಗವಿದೆ, ಮುಕ್ತವಾಗಿ ಓದಲು ಸಿಗುತ್ತದೆ. ಎಇಎಸ್‌ನ ಮೊದಲ ಲೆಕ್ಕವನ್ನು ತೆರೆದು, ಒಂದು ರಜೆಯ ದಿನ ಕಾಗದ ಪೆನ್ನು ಹಿಡಿದು ಮೊದಲ ಸುತ್ತನ್ನು ಕೈಯಲ್ಲೇ ಮಾಡಿ ನೋಡಿ. ಹತ್ತೂ ಸುತ್ತು ಮಾಡುವಷ್ಟು ತಾಳ್ಮೆ ಇದ್ದರೆ ಉತ್ತರದ ಮೊದಲ ನಾಲ್ಕು ಬೈಟು 69, ಸಿ4, ಇ0, ಡಿ8 ಎಂದು ಬರಬೇಕು. ಬಾರದಿದ್ದರೆ ಎಲ್ಲಿ ತಪ್ಪಿತೆಂದು ಹುಡುಕಿ. ಮಾನಕದ ಅನುಬಂಧದಲ್ಲಿ ಪ್ರತಿ ಸುತ್ತಿನ ಮಧ್ಯಂತರ ಉತ್ತರವೂ ಅಚ್ಚಾಗಿದೆ.