ಸರ್ಪಗಂಧದ ಬೇರು ಮತ್ತು ನಿಮ್ಮ ಬಿಪಿ ಮಾತ್ರೆ



"ಡಾಕ್ಟ್ರೇ, ಊರಿಂದ ಸರ್ಪಗಂಧದ ಬೇರಿನ ಪುಡಿ ತರಿಸಿದ್ದೇವೆ. ಇನ್ನು ಬಿಪಿ ಮಾತ್ರೆ ಬಿಡಬಹುದಲ್ಲವೇ?" ನಿಮ್ಮಲ್ಲೂ ಕೆಲವರಿಗೆ ಈ ಪ್ರಶ್ನೆ ಇರಬಹುದು. ಉತ್ತರಕ್ಕೆ ಮೊದಲು ಆ ಬೇರಿನ ಕಥೆ ಕೇಳಿ.

ಸರ್ಪಗಂಧ ಬರೀ ನಂಬಿಕೆಯಲ್ಲ, ನಿಜವಾದ ಔಷಧ. ನಿದ್ದೆ ಬಾರದವರಿಗೆ, ಮನಸ್ಸು ಕೆರಳಿದವರಿಗೆ ನಮ್ಮ ವೈದ್ಯರು ಇದನ್ನು ಹಿಂದಿನಿಂದಲೂ ಕೊಡುತ್ತಿದ್ದರು. 1931ರಲ್ಲಿ ದೆಹಲಿಯಲ್ಲಿ ಸಲೀಮುಜ್ಜಮಾನ್ ಸಿದ್ದೀಕಿ ಈ ಬೇರಿನಿಂದ ಒಂದು ಅಂಶವನ್ನು ಬೇರ್ಪಡಿಸಿ, ಹಕೀಮ್ ಅಜ್ಮಲ್ ಖಾನರ ಗೌರವಾರ್ಥ ಅದಕ್ಕೆ 'ಅಜ್ಮಲೀನ್' ಎಂದು ಹೆಸರಿಟ್ಟರು. 1949ರಲ್ಲಿ ಮುಂಬೈನ ಹೃದ್ರೋಗ ತಜ್ಞ ಡಾ. ರುಸ್ತುಂ ಜಾಲ್ ವಕೀಲ್, 50 ಬಿಪಿ ರೋಗಿಗಳಿಗೆ ಈ ಬೇರನ್ನು ಕೊಟ್ಟು ನೋಡಿದ ಫಲಿತಾಂಶವನ್ನು ಬ್ರಿಟನ್ನಿನ ಹೃದ್ರೋಗ ಪತ್ರಿಕೆಯಲ್ಲಿ ಪ್ರಕಟಿಸಿದರು. ಜಗತ್ತಿನ ವೈದ್ಯರು ಆಗ ಇತ್ತ ತಿರುಗಿ ನೋಡಿದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯವರು ಬಿಪಿ ಇಳಿಸುವ ಮುಖ್ಯ ಅಂಶವಾದ 'ರಿಸರ್ಪಿನ್' ಅನ್ನು ಶುದ್ಧ ರೂಪದಲ್ಲಿ ಹೊರತೆಗೆದರು.

ಹೊರತೆಗೆಯುವುದು ಎಂದರೇನು? ಒಣ ಬೇರನ್ನು ಪುಡಿ ಮಾಡಿ ಆಲ್ಕೋಹಾಲಿನಂಥ ದ್ರವದಲ್ಲಿ ನೆನೆಸುತ್ತಾರೆ. ಕಾಫಿ ಪುಡಿಯಿಂದ ಡಿಕಾಕ್ಷನ್ ಇಳಿಸಿದ ಹಾಗೆ ಬೇರಿನ ಸತ್ವ ಇಳಿಯುತ್ತದೆ. ಅದನ್ನು ಸೋಸಿ, ಇಂಗಿಸಿ, ಆಮ್ಲ ಮತ್ತು ಕ್ಷಾರಗಳ ಸಹಾಯದಿಂದ ಒಂದೊಂದೇ ಅಂಶವನ್ನು ಬೇರ್ಪಡಿಸಿ ಹರಳು ಮಾಡುತ್ತಾರೆ.

ಇಷ್ಟೆಲ್ಲ ಯಾಕೆ ಬೇಕು? ಎರಡು ಕಾರಣ.

1. ಒಂದೇ ಬೇರಿನಲ್ಲಿ ಹತ್ತಾರು ಅಂಶಗಳಿವೆ, ಒಂದೊಂದರ ಕೆಲಸವೂ ಬೇರೆ. ರಿಸರ್ಪಿನ್ ನರಗಳ ತುದಿಯಲ್ಲಿರುವ ನಾರ್‌ಅಡ್ರಿನಲಿನ್ ದಾಸ್ತಾನನ್ನು ಖಾಲಿ ಮಾಡಿ ಬಿಪಿ ಇಳಿಸುತ್ತದೆ. ಅಜ್ಮಲೀನ್ ಹೃದಯದ ವಿದ್ಯುತ್ ಸಂಚಾರವನ್ನೇ ನಿಧಾನಗೊಳಿಸುತ್ತದೆ. ಬ್ರುಗಾಡಾ ಎಂಬ ಕಾಯಿಲೆ ಪತ್ತೆಹಚ್ಚಲು ಇದನ್ನು ಆಸ್ಪತ್ರೆಯಲ್ಲಿ, ಇಸಿಜಿ ನೋಡುತ್ತಲೇ ಕೊಡುತ್ತಾರೆ.

2. ಪ್ರಮಾಣ. ರಿಸರ್ಪಿನ್ ಮಾತ್ರೆಯ ದಿನದ ಡೋಸ್ ಒಂದು ಮಿಲಿಗ್ರಾಂನ ಕಾಲು ಭಾಗ ಅಥವಾ ಅದಕ್ಕಿಂತ ಕಡಿಮೆ. ಬೇರಿನಲ್ಲಿರುವ ಅಂಶ ಮಣ್ಣು, ಗಿಡದ ವಯಸ್ಸು, ಕಿತ್ತ ಕಾಲ ನೋಡಿ ಬದಲಾಗುತ್ತದೆ. ನಿಮ್ಮ ಅರ್ಧ ಚಮಚ ಪುಡಿಯಲ್ಲಿ ಎಷ್ಟಿದೆ ಎಂದು ಅಡುಗೆಮನೆಯಲ್ಲಿ ಅಳೆಯಲು ಸಾಧ್ಯವಿಲ್ಲ.

ಜಾಸ್ತಿಯಾದರೆ ಮೂಗು ಕಟ್ಟುವುದು, ನಾಡಿ ನಿಧಾನವಾಗುವುದು, ತಲೆ ಸುತ್ತುವುದು, ಮನಸ್ಸು ಕುಗ್ಗುವುದು ಎಲ್ಲವೂ ಆಗಬಹುದು. ಖಿನ್ನತೆಯ ಭಯದಿಂದಲೇ ನಾವು ಇಂದು ರಿಸರ್ಪಿನ್ ಅನ್ನು ಅಪರೂಪಕ್ಕೆ ಬರೆಯುತ್ತೇವೆ.

ಆದ್ದರಿಂದ ದಯವಿಟ್ಟು ಗಮನಿಸಿ:

✅ ಬಿಪಿ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಥಟ್ಟನೆ ಬಿಟ್ಟರೆ ಒತ್ತಡ ಏರಿ ಪಾರ್ಶ್ವವಾಯು, ಹೃದಯಾಘಾತ ಆಗಬಹುದು.
✅ ಮೆಟೊಪ್ರೊಲಾಲ್, ಅಟೆನೊಲಾಲ್ ಅಥವಾ ಡಿಗಾಕ್ಸಿನ್ ತೆಗೆದುಕೊಳ್ಳುವವರು ಜೊತೆಗೆ ಈ ಪುಡಿ ಸೇವಿಸಿದರೆ ನಾಡಿ ಅಪಾಯಕಾರಿಯಾಗಿ ಇಳಿಯಬಹುದು.
✅ ಖಿನ್ನತೆ ಅಥವಾ ಹೊಟ್ಟೆಯ ಹುಣ್ಣು ಇರುವವರಿಗೆ ಇದು ಬೇಡವೇ ಬೇಡ.
✅ ಈಗಾಗಲೇ ಸೇವಿಸುತ್ತಿದ್ದರೆ ಮುಚ್ಚಿಡದೆ ನಿಮ್ಮ ವೈದ್ಯರಿಗೆ ಹೇಳಿ. ಆಪರೇಷನ್ ಇದ್ದರೆ ಅರಿವಳಿಕೆ ಕೊಡುವವರಿಗೂ ಹೇಳಿ.

ಹಿರಿಯರು ಗಿಡ ತೋರಿಸಿದರು, ವಿಜ್ಞಾನ ಅಳತೆ ಕೊಟ್ಟಿತು. ಔಷಧಕ್ಕೆ ಎರಡೂ ಬೇಕು.

ಮನೆಯಲ್ಲಿ ಬಿಪಿ ಇರುವ ಅಪ್ಪ, ಅಮ್ಮ, ಅತ್ತೆ, ಮಾವನವರಿಗೆ ಇದನ್ನು ಓದಿ ಹೇಳಿ. ಮುಂದಿನ ವಾರ ಮತ್ತೆ ಭೇಟಿಯಾಗೋಣ. 🙏